ಬೂಸ್ಟ್ ಬಂದಾಗ ಮಾತ್ರ ಇಂಜಿನ್ ಮಿಸ್ ಹೊಡೀತಿದೆಯಾ? ಪಂಪು, ಇಂಜೆಕ್ಟರ್ ಬದಲಿಸುವ ಮೊದಲು ಇದನ್ನು ಓದಿ

ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ (ಈ ಒತ್ತಡವೇ ಬೂಸ್ಟ್) ಸೂಪರ್‌ಚಾರ್ಜರ್ ಅಥವಾ ಟರ್ಬೊ ಹಾಕಿಸಿದ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗ್ಯಾರೇಜಿನ ಅಂಗಳದಲ್ಲಿ ನಿಂತಲ್ಲೇ ರೇಸ್ ಮಾಡಿ "ಸ್ಮೂತ್ ಆಗಿದೆ ನೋಡಿ ಸರ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೂಸ್ಟ್‌ನಲ್ಲಿ ಬರುವ ದೋಷವನ್ನು ಬೂಸ್ಟ್‌ನಲ್ಲೇ ಹುಡುಕಬೇಕು. ಇದನ್ನು ಮಾಡದ ಒಂದು ಗ್ಯಾರೇಜು ನನ್ನ ಕಾರಿಗೆ ಏನೇನು ಮಾಡಿತು ಅಂತ ಹೇಳುತ್ತೇನೆ.

ನನ್ನದು ನಾಲ್ಕು ಸಿಲಿಂಡರಿನ 1.5 ಲೀಟರ್ ಸೆಡಾನ್. ಹಿಂದಿನ ಮಾಲೀಕರು ಬೆಂಗಳೂರಿನಲ್ಲಿ ಅದಕ್ಕೆ ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಕೂರಿಸಿದ್ದರು. ಬೂಸ್ಟ್ ಅಂಥಾ ಜಾಸ್ತಿ ಏನಿಲ್ಲ, ಅರ್ಧ ಬಾರ್ ಆಸುಪಾಸು. ಇಂಥ ಕಾರನ್ನು ಕಂಪನಿ ಸರ್ವಿಸ್ ಸೆಂಟರಿನವರು ಮುಟ್ಟಲು ಹಿಂದೇಟು ಹಾಕುತ್ತಾರೆ, ಹಾಗಾಗಿ ಹೊರಗಿನ ಗ್ಯಾರೇಜೇ ಗತಿ. ಮಳೆಗಾಲಕ್ಕೆ ಮುಂಚೆ ಸರ್ವಿಸ್‌ಗೆ ಬಿಟ್ಟಾಗ ಸೂಪರ್‌ಚಾರ್ಜರ್ ಇದೆ ಅಂತ ಬಾನೆಟ್ ಎತ್ತಿ ತೋರಿಸಿಯೇ ಕೊಟ್ಟಿದ್ದೆ. ಆಯಿಲ್, ಫಿಲ್ಟರ್, ಪ್ಲಗ್ ಎಲ್ಲ ಹೊಸದಾಗಿ ಬಂತು. "ಕಂಪನಿ ಒರಿಜಿನಲ್ ಪ್ಲಗ್ಗೇ ಹಾಕಿದ್ದೀವಿ ಸರ್" ಅಂದರು. ಈ ಮಾತು ನೆನಪಿರಲಿ.

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ತೊಂದರೆ ಶುರುವಾಯಿತು. ತಿರುವು ದಾಟಿ, ಎರಡನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿದರೆ 3500 ಆರ್‌ಪಿಎಂ ದಾಟುತ್ತಿದ್ದಂತೆ ಗಾಡಿ ಪಟಪಟ ಅಂತ ಜರ್ಕ್ ಹೊಡೆಯಿತು. ಕಾಲು ಸ್ವಲ್ಪ ಎತ್ತಿದರೆ ಸರಿಹೋಗುತ್ತಿತ್ತು, ಒತ್ತಿದರೆ ಮತ್ತೆ ಅದೇ. ಆಗುಂಬೆ ಪೇಟೆಯಲ್ಲಿ ನಿಲ್ಲಿಸಿ ನೋಡಿದರೆ ಐಡ್ಲಿಂಗ್‌ನಲ್ಲಿ ಒಂದಿಷ್ಟೂ ಅಲುಗಾಟವಿಲ್ಲ.

ಗ್ಯಾರೇಜಿನವರು ಮೊದಲು ಹೇಳಿದ್ದು ಪೆಟ್ರೋಲ್ ಸರಿಯಿಲ್ಲ ಅಂತ. "ಈಗ ಬರೋದೆಲ್ಲ ಇ20 ಸರ್, ಮಳೆಗಾಲ ಬೇರೆ, ನೀರು ಎಳ್ಕೊಂಡಿರುತ್ತೆ." ಇ20 ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್, ಎಥನಾಲ್ ನೀರು ಹೀರುವುದು ನಿಜ. ಆದರೆ ಟ್ಯಾಂಕಿನಲ್ಲಿ ನೀರಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೇ, ನಿಧಾನಕ್ಕೆ ಹೋಗುವಾಗಲೂ ಗಾಡಿ ಒದ್ದಾಡಬೇಕು. ನನ್ನದು ಬೂಸ್ಟ್ ಏರಿದಾಗ ಮಾತ್ರ ಒದ್ದಾಡುತ್ತಿತ್ತು. ಹೇಳಿದೆ, ಕೇಳಲಿಲ್ಲ. ಟ್ಯಾಂಕ್ ಖಾಲಿ ಮಾಡಿಸಿದರು. ಆಮೇಲೆ ಸ್ಕ್ಯಾನರ್ ಹಾಕಿದಾಗ ಪಿ-0303 ಬಂತು, ಅಂದರೆ ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತುತ್ತಿಲ್ಲ ಅಂತ. ಆ ಸಿಲಿಂಡರಿನ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬಿಚ್ಚಿ ಒಂದನೆಯದಕ್ಕೆ ಹಾಕಿ, ಕೋಡ್ ಪಿ-0301ಕ್ಕೆ ಹೋಗುತ್ತಾ ಅಂತ ನೋಡಿದರೆ ಸಾಕಿತ್ತು. ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಬೇರೆ ಕಡೆ ಹುಡುಕಬೇಕು. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ಅವರು ನಾಲ್ಕೂ ಕಾಯಿಲ್ ಹೊಸದು ಹಾಕಿದರು. ಸರಿಹೋಗಲಿಲ್ಲ. ಇಂಜೆಕ್ಟರ್ ಕ್ಲೀನಿಂಗ್ ಅಂದರು. ಅದೂ ಆಯಿತು, ಏನೂ ಬದಲಾಗಲಿಲ್ಲ.

ಆಮೇಲೆ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಅನುಭವ ಇರುವ ಮೆಕ್ಯಾನಿಕ್ಕುಗಳೂ ಇಲ್ಲಿ ಎಡವುತ್ತಾರೆ.

ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವೈಡ್‌ಬ್ಯಾಂಡ್ ಮೀಟರ್ ಇದೆ. ಗಾಳಿ ಮತ್ತು ಪೆಟ್ರೋಲಿನ ಅನುಪಾತವನ್ನು ಅದು ತೋರಿಸುತ್ತದೆ. ಸಾಮಾನ್ಯ ಓಟದಲ್ಲಿ 14.7ರ ಸುತ್ತಮುತ್ತ ಇರುತ್ತದೆ, ಬೂಸ್ಟ್‌ನಲ್ಲಿ 11.5ರಿಂದ 12.5ರೊಳಗೆ ಇರಬೇಕು. ಜರ್ಕ್ ಹೊಡೆದಾಗ ಮೀಟರ್ 16ಕ್ಕೆ ಹಾರಿದ್ದನ್ನು ನೋಡಿ ಮೆಕ್ಯಾನಿಕ್ "ಲೀನ್ ಆಗ್ತಿದೆ ಸರ್, ಪಂಪು ವೀಕ್" ಅಂತ ತೀರ್ಮಾನ ಕೊಟ್ಟ. ಲೀನ್ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆದರೆ ಆ ಮೀಟರ್ ಪೆಟ್ರೋಲನ್ನು ಅಳೆಯುವುದಿಲ್ಲ, ಸೈಲೆನ್ಸರಿನ ಕಡೆ ಬರುವ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದಿದ್ದರೆ ಅಲ್ಲಿನ ಆಮ್ಲಜನಕ ಉರಿಯದೆ ಹಾಗೇ ಹೊರಗೆ ಬರುತ್ತದೆ. ಪೆಟ್ರೋಲ್ ಬೇಕಾದಷ್ಟು ಬಿದ್ದಿದ್ದರೂ ಮೀಟರ್ ಲೀನ್ ಅಂತಲೇ ತೋರಿಸುತ್ತದೆ. ಅಂದರೆ ಮಿಸ್ ಹೊಡೆದಿದ್ದರಿಂದಲೂ ಲೀನ್ ಕಂಡಿರಬಹುದು, ಲೀನ್ ಆಗಿದ್ದರಿಂದಲೇ ಮಿಸ್ ಹೊಡೆದದ್ದು ಅನ್ನಲಾಗದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗಬೇಕಾದರೆ ಲಾಗ್ (ಓಡುವಾಗಿನ ಕ್ಷಣಕ್ಷಣದ ಅಳತೆಗಳ ದಾಖಲೆ) ತೆಗೆಯಲೇಬೇಕು. ಓಡುವ ಗಾಡಿಯಲ್ಲಿ ಮೀಟರ್ ಮುಳ್ಳು ನೋಡಿ ಹೇಳಲು ಯಾರಿಂದಲೂ ಆಗದು.

ಪಂಪು ಬಂತು, ದುಡ್ಡು ಹೋಯಿತು, ಜರ್ಕ್ ಉಳಿಯಿತು.

ಇದೆಲ್ಲಕ್ಕಿಂತ ನನಗೆ ಹೊಟ್ಟೆ ಉರಿದದ್ದು ಆಮೇಲಿನದ್ದಕ್ಕೆ. ಹೊಸ ಪಂಪಿನ ಟ್ರಯಲ್ ನೋಡಲು ಗ್ಯಾರೇಜಿನ ಹುಡುಗ ಕಾರನ್ನು ಮಂಡಗದ್ದೆ ಕಡೆ ತೆಗೆದುಕೊಂಡು ಹೋದ. ದಾರಿಯಲ್ಲಿ ಚೆಕ್ ಇಂಜಿನ್ ಲೈಟ್ ಮಿಣಮಿಣ ಅನ್ನತೊಡಗಿತಂತೆ. ಫೋನ್ ಮಾಡಿ ಕೇಳಿದ್ದಕ್ಕೆ "ಸೆನ್ಸಾರ್ ಇರಬೇಕು, ಬಾ" ಅಂತ ಗ್ಯಾರೇಜಿನಿಂದ ಉತ್ತರ ಬಂತು. ಆ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜು ಸೇರಬಹುದು. ಮಿನುಗತೊಡಗಿದರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ಹಾಳಾಗುವಷ್ಟು ಮಿಸ್ ಹೊಡೆಯುತ್ತಿದೆ ಅಂತ ಅರ್ಥ, ತಕ್ಷಣ ಕಾಲು ಎತ್ತಬೇಕು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೋಗಿ ಆ ಡಬ್ಬಿಯಲ್ಲಿ ಉರಿಯುತ್ತದೆ, ಒಳಗಿನ ಸೆರಾಮಿಕ್ ಕರಗುತ್ತದೆ. ನನ್ನದರ ಗತಿಯೂ ಅದೇ ಆಯಿತು. ಕಾರು ವಾಪಸ್ ಬಂದಾಗ ಅಡಿಯಿಂದ ಕಲ್ಲು ಅಲುಗಾಡಿದ ಹಾಗೆ ಸದ್ದು. ಹೊಸ ಕನ್ವರ್ಟರಿನ ಬೆಲೆ ಅಲ್ಲಿಯವರೆಗೆ ಬದಲಿಸಿದ ಎಲ್ಲ ಸಾಮಾನಿನ ಬೆಲೆಗಿಂತ ಜಾಸ್ತಿ. ಅಷ್ಟಾದ ಮೇಲೂ ಅವರ ಸಲಹೆ ಒಂದೇ: "ಇಂಜಿನ್ ಬಿಚ್ಚಿಬಿಡೋಣ ಸರ್."

ಕಾರನ್ನು ಅಲ್ಲಿಂದ ಎಳೆಸಿಕೊಂಡು ಬಂದೆ. ಬೆಂಗಳೂರಿನಲ್ಲಿ ಟ್ಯೂನಿಂಗ್ ಕೆಲಸ ಮಾಡಿ ಈಗ ಊರಿನಲ್ಲಿ ತೋಟ ನೋಡಿಕೊಂಡಿರುವ ಪರಿಚಯದ ಹುಡುಗನೊಬ್ಬನಿಗೆ ವಿಷಯ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆಯೇ "ಪ್ಲಗ್ ಯಾವಾಗ ಬದಲಿಸಿದ್ದು ಮಾರಾಯ್ರೆ?" ಅಂತ. ಕರಗಿದ ಡಬ್ಬಿ ತೆಗೆಸಿ, ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂತ. ಆಯನೂರು ದಾರಿಯಲ್ಲಿ ಖಾಲಿ ರಸ್ತೆ ನೋಡಿ ಮೂರನೇ ಗೇರಿನಲ್ಲಿ ಒಮ್ಮೆ ಪೆಡಲ್ ಪೂರ್ತಿ ಒತ್ತಿಸಿ ಲಾಗ್ ತೆಗೆದ, ಅಷ್ಟೇ. ಬೂಸ್ಟ್ ಆರ್‌ಪಿಎಂ ಜೊತೆ ನೇರ ಏರಿತ್ತು, ಹಾಗಾಗಿ ಬೆಲ್ಟ್ ಜಾರುತ್ತಿಲ್ಲ. ಬೆಲ್ಟ್ ಜಾರಿದರೆ ಬೂಸ್ಟ್ ಮೇಲೆ ಹೋಗದೆ ಕುಸಿಯುತ್ತದೆ, ಎಳೆತ ಮೆತ್ತಗಾಗುತ್ತದೆ, ಹೀಗೆ ಪಟಪಟ ಅನ್ನುವುದಿಲ್ಲ. ಇಂಧನದ ಒತ್ತಡ ಬಿದ್ದಿರಲಿಲ್ಲ. ಅನುಪಾತ 11.8ರಲ್ಲಿ ಗಟ್ಟಿಯಾಗಿ ನಿಂತಿತ್ತು. ಮೂರನೇ ಸಿಲಿಂಡರಿನ ಮಿಸ್ ಎಣಿಕೆ ಶುರುವಾದ ಮೇಲೆ ಮಾತ್ರ ಅದು 16ಕ್ಕೆ ಹಾರಿತ್ತು. ಪಂಪು ಸೋತಿದ್ದರೆ ಜರ್ಕಿಗೂ ಮುಂಚೆಯೇ 12.5, 13 ಅಂತ ಮೆಲ್ಲಗೆ ಏರಬೇಕಿತ್ತು.

ಪ್ಲಗ್ ಬಿಚ್ಚಿದ. ಸಂದು ಅಳೆಯುವ ಫೀಲರ್ ಗೇಜ್ ಇಟ್ಟರೆ, ಕಿಡಿ ಹಾರುವ ಗ್ಯಾಪ್ 1.1 ಮಿಲಿಮೀಟರ್. ಸೂಪರ್‌ಚಾರ್ಜರ್ ಇಲ್ಲದ ಇದೇ ಇಂಜಿನ್ನಿಗೆ ಅದು ಸರಿಯಾದ ಅಳತೆ, ಬೂಸ್ಟ್‌ಗೆ ಅಲ್ಲ. ಬೂಸ್ಟ್‌ನಲ್ಲಿ ಸಿಲಿಂಡರಿನೊಳಗೆ ಗಾಳಿ ಒತ್ತೊತ್ತಾಗಿ ತುಂಬಿರುತ್ತದೆ. ಅದರ ನಡುವೆ ಕಿಡಿ ಹಾರಬೇಕಾದರೆ ವೋಲ್ಟೇಜ್ ಜಾಸ್ತಿ ಬೇಕು, ಕಾಯಿಲ್‌ಗೆ ಒಂದು ಮಿತಿ ಇದೆ. ಬೇಸಿಗೆಯಲ್ಲಿ ಒಂದೇ ನೆಗೆತಕ್ಕೆ ದಾಟುವ ಹಳ್ಳವನ್ನು ಆಷಾಢದಲ್ಲಿ ದಾಟಲಾಗುತ್ತದಾ? ಹಾಗೆ. ಗ್ಯಾಪಿನಲ್ಲಿ ಹಾರಲಾಗದ ಕರೆಂಟು ಬೇರೆ ದಾರಿ ಹುಡುಕುತ್ತದೆ. ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂತೆ ತೆಳ್ಳಗಿನ ಕಪ್ಪು ಗೆರೆ ಮೇಲಿಂದ ಕೆಳಗಿನವರೆಗೂ ಇತ್ತು. ಕಾಯಿಲ್‌ನ ಪ್ಲಗ್ಗನ್ನು ಮುಚ್ಚುವ ರಬ್ಬರ್ ಬೂಟಿನ ಒಳಗೂ ಅದಕ್ಕೆ ಸರಿಯಾಗಿ ಇನ್ನೊಂದು ಗೆರೆ. ಕಿಡಿ ಪಿಂಗಾಣಿಯ ಹೊರಮೈ ಹಿಡಿದು ಇಳಿಯುತ್ತಿತ್ತು. ಒಮ್ಮೆ ಆ ಗೆರೆ ಬಿದ್ದರೆ ಒರೆಸಿ ಪ್ರಯೋಜನವಿಲ್ಲ, ಪ್ಲಗ್ಗೂ ಬೂಟೂ ಎರಡೂ ಬದಲಾಗಬೇಕು. ಮಲೆನಾಡಿನಲ್ಲಿ ಪ್ಲಗ್ ಕೂರುವ ಗುಂಡಿಗೆ ತೇವ ಸೇರಿದರೆ ಇದು ಇನ್ನೂ ಬೇಗ ಆಗುತ್ತದೆ. ಇಂಜಿನ್ನಿಗೆ ಪ್ರೆಶರ್ ವಾಷ್ ಮಾಡಿಸುವವರು ಗಮನಿಸಿ.

ಒಂದು ಹಂತ ಕೋಲ್ಡ್ ಪ್ಲಗ್, ಅಂದರೆ ತುದಿಯ ಬಿಸಿಯನ್ನು ಬೇಗ ಹೊರಗೆ ಸಾಗಿಸುವಂಥದ್ದು, ತರಿಸಿದೆವು. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಕೋಲ್ಡ್, ಬಾಷ್‌ನಲ್ಲಿ ಉಲ್ಟಾ, ಅಂಗಡಿಯಲ್ಲಿ ಕೇಳುವಾಗ ಜೋಪಾನ. ಗ್ಯಾಪ್ 0.7ಕ್ಕೆ ಇಳಿಸಿದ. ಇಳಿಸುವಾಗ ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಮುಟ್ಟಬೇಕು, ಇರಿಡಿಯಂ ಪ್ಲಗ್ಗಿನ ನಡುವಿನ ಸೂಜಿಗೆ ಗೇಜ್ ತಾಗಿಸಿದರೆ ಮುರಿದೇ ಹೋಗಬಹುದು. ನಾಲ್ಕೂ ಬೂಟು ಹೊಸದು. ಅದೇ ರಸ್ತೆ, ಅದೇ ಗೇರು, ರೆಡ್‌ಲೈನ್ ತನಕ ಒಂದೂ ಮಿಸ್ ಇಲ್ಲ.

ಹಳೆಯ ಗ್ಯಾರೇಜಿನವರು ಕನ್ವರ್ಟರಿನ ಹೊಣೆ ಒಪ್ಪಿಲ್ಲ. ಬಿಚ್ಚಿದ ಹಳೆಯ ಪಂಪು, ಕಾಯಿಲ್ ಕೇಳಿದರೆ ಗುಜರಿಗೆ ಹೋಯಿತು ಅಂದರು. ಸರಿಯಿದ್ದ ಸಾಮಾನು ಅವು. ನಿಮ್ಮ ಕಾರಿನಿಂದ ಏನು ಬಿಚ್ಚಿದರೂ ಅದು ನಿಮ್ಮದು, ಅವತ್ತೇ ಕೇಳಿ ಡಿಕ್ಕಿಗೆ ಹಾಕಿಸಿಕೊಳ್ಳಿ. ಟ್ರಯಲ್‌ಗೆ ನೀವೂ ಹತ್ತಿ ಕೂರಿ. ಇನ್ನೊಂದು ಕೆಲಸ ಮಾಡಿ: ಪ್ಲಗ್ ನಂಬರ್, ಗ್ಯಾಪ್, ಬೆಲ್ಟ್ ಅಳತೆ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿಬಿಡಿ, ಮುಂದಿನ ಸಲ ಕಾರು ಯಾರ ಕೈಗೆ ಹೋದರೂ ಅವರ ಕಣ್ಣಿಗೆ ಮೊದಲು ಅದೇ ಬೀಳಲಿ.