ಲ್ಯಾಬಿನಲ್ಲಿ ಓಡಿದ್ದು ಹೊಸನಗರದ ಮನೆಯಲ್ಲೂ ಓಡಬೇಕು: ವಿದ್ಯಾರ್ಥಿಗಳಿಗೆ ಪೈಥಾನ್ ಹೊಂದಿಸುವ ದಾರಿಗಳ ಹೋಲಿಕೆ

ಶಿವಮೊಗ್ಗದ ಲ್ಯಾಬಿನಲ್ಲಿ 40 ವಿದ್ಯಾರ್ಥಿಗಳಿಗೆ ಒಂದೇ ಇಂಟರ್‌ನೆಟ್ ಲೈನ್. ಸಂಜೆ ತೀರ್ಥಹಳ್ಳಿ, ಹೊಸನಗರ, ಬಿದನೂರು ನಗರದ ಕಡೆ ಬಸ್ಸು ಹತ್ತಿದವರಿಗೆ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್. ಮಳೆಗಾಲದಲ್ಲಿ ಅದೂ ಇಲ್ಲ, ಕರೆಂಟೂ ಇಲ್ಲ. ಹಾಗಾಗಿ ಇಲ್ಲಿ ಪ್ರತಿ ವ್ಯವಸ್ಥೆಯನ್ನೂ ಅಳೆದಿದ್ದು ಎರಡೇ ಪ್ರಶ್ನೆಗಳಿಂದ: ನೆಟ್ ಹೋದರೆ ಏನಾಗುತ್ತದೆ, ಕರೆಂಟ್ ಹೋದರೆ ಏನಾಗುತ್ತದೆ.

ಬ್ರೌಸರ್ ಮೂಲಕ ಗೂಗಲ್‌ನ ಯಂತ್ರದಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಇನ್‌ಸ್ಟಾಲ್ ಮಾಡುವ ಕೆಲಸವೇ ಇಲ್ಲ, ಭಾರಿ ಲೆಕ್ಕಗಳಿಗೆ ಬೇಕಾದ ಜಿಪಿಯು ಕೂಡ ಪುಕ್ಕಟೆ ಸಿಗುತ್ತದೆ. ಆದರೆ ಸೆಷನ್ ಮುಗಿದರೆ ವೇರಿಯೇಬಲ್‌ಗಳ ಜೊತೆಗೆ ಅದರೊಳಗೆ ಅಪ್‌ಲೋಡ್ ಮಾಡಿದ ಡೇಟಾ ಫೈಲುಗಳೂ ಹೋಗುತ್ತವೆ; ಗೂಗಲ್ ಡ್ರೈವ್‌ನಲ್ಲಿಟ್ಟ ನೋಟ್‌ಬುಕ್ (ಕೋಡ್ ಬರೆದ ಫೈಲ್) ಮಾತ್ರ ಉಳಿಯುತ್ತದೆ. ಪೈಥಾನ್ ಪ್ಯಾಕೇಜುಗಳ (ಸಿದ್ಧ ಕೋಡ್ ಕಟ್ಟುಗಳ) ಆವೃತ್ತಿಯನ್ನು ಗೂಗಲ್ಲೇ ಆಗಾಗ ಬದಲಿಸುವುದರಿಂದ ಜೂನ್‌ನಲ್ಲಿ ಬರೆದ ಲ್ಯಾಬ್ ಹಾಳೆ ನವೆಂಬರ್‌ನಲ್ಲಿ ಬೇರೆಯೇ ಎಚ್ಚರಿಕೆ ತೋರಿಸಬಹುದು. ಡೀಪ್ ಲರ್ನಿಂಗ್ ಪಾಠಕ್ಕೆ ಇರಲಿ, ಇಡೀ ಕೋರ್ಸಿಗೆ ಬೇಡ.

ವರ್ಚುವಲ್‌ಬಾಕ್ಸ್ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುತ್ತದೆ; ಆ ಒಳಗಿನ ಯಂತ್ರದ ಡಿಸ್ಕಿನ ನಕಲಾದ ಇಮೇಜ್ ಎಲ್ಲರ ಕೈಗೂ ಒಂದೇ ಉಬುಂಟು ಲಿನಕ್ಸ್ ಕೊಡುತ್ತದೆ, ನೆಟ್ ಬೇಕಿಲ್ಲ. ಮೊದಲ ಅಡ್ಡಿ ಪೆನ್‌ಡ್ರೈವ್‌ನಲ್ಲೇ: ಇಮೇಜ್ 4 ಜಿಬಿ ದಾಟಿದರೆ ಫ್ಯಾಟ್32 ಡ್ರೈವ್‌ಗೆ ಕಾಪಿ ಆಗುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ) ವರ್ಚುವಲೈಸೇಷನ್ ಆಫ್ ಇದ್ದರೆ ಆ ಒಳಗಿನ ಯಂತ್ರ ಏಳುವುದೇ ಇಲ್ಲ. ಎದ್ದರೂ ಕಿಟಕಿಯ ಕೆಳಗಿನ ಬಲಮೂಲೆಯಲ್ಲಿ ಹಸಿರು ಆಮೆ ಕಂಡರೆ ವಿಂಡೋಸ್‌ನದ್ದೇ ವರ್ಚುವಲೈಸೇಷನ್ ವ್ಯವಸ್ಥೆ ಹೈಪರ್-ವಿ ಅಡ್ಡ ಬಂದಿದೆ ಎಂದರ್ಥ, ಓಟವೂ ಆಮೆಯದೇ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿಗೆ ಇದು ಹೊರೆ.

ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಒಂದೇ ಕಟ್ಟಾಗಿ ಓಡಿಸುವ ಡಾಕರ್, ಡಾಕರನ್ನೇ ಕಲಿಸುವವರಿಗೆ ಸರಿ. ಮೊದಲ ವರ್ಷದವರಿಗೆ ಪೈಥಾನ್‌ಗಿಂತ ಮೊದಲು ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಕಲಿಸಬೇಕಾಗುತ್ತದೆ. ಲಾಗಿನ್ ಇಲ್ಲದೆ ಡಾಕರ್ ಹಬ್ ಎಂಬ ಆನ್‌ಲೈನ್ ಭಂಡಾರದಿಂದ ಇಮೇಜ್ ಇಳಿಸಲು ಪ್ರತಿ ಐಪಿ ವಿಳಾಸಕ್ಕೆ ಮಿತಿಯಿದೆ. ಇಡೀ ಲ್ಯಾಬ್ ಒಂದೇ ಐಪಿಯಿಂದ ಹೊರಹೋದರೆ ಅದು ಬೇಗ ಮುಗಿಯುತ್ತದೆ.

ತರಗತಿಯ ಹೊತ್ತಿಗೆ ಗೆದ್ದದ್ದು ಲ್ಯಾಬಿನೊಳಗೇ ಇಟ್ಟ ಜುಪಿಟರ್‌ಹಬ್ (ಎಲ್ಲರೂ ಬ್ರೌಸರ್ ಮೂಲಕ ಒಂದೇ ಸರ್ವರ್‌ನಲ್ಲಿ ಪೈಥಾನ್ ಓಡಿಸುವ ವ್ಯವಸ್ಥೆ), ಅದರಲ್ಲೂ ‘ದಿ ಲಿಟ್ಲೆಸ್ಟ್ ಜುಪಿಟರ್‌ಹಬ್’. ಉಬುಂಟು ಹಾಕಿದ ಒಂದು ಯಂತ್ರ ಸಾಕು. ಇನ್‌ಸ್ಟಾಲ್ ಮಾಡುವಾಗ ಒಮ್ಮೆ ನೆಟ್ ಬೇಕು, ಆಮೇಲೆ ಲ್ಯಾಬಿನೊಳಗಿನ ಲ್ಯಾನ್ ಇದ್ದರಾಯಿತು. ರ‍್ಯಾಮ್ ಲೆಕ್ಕ ಸರಳ: ಏಕಕಾಲಕ್ಕೆ ಕೂರುವವರ ಸಂಖ್ಯೆಯನ್ನು ತಲಾ ಮಿತಿಯಿಂದ ಗುಣಿಸಿ, 128 ಎಂಬಿ ಕೂಡಿಸಿ. ತಲಾ 512 ಎಂಬಿಯಂತೆ 30 ಜನಕ್ಕೆ 15 ಜಿಬಿ ಚಿಲ್ಲರೆ, 40 ಜನಕ್ಕೆ 20 ಜಿಬಿ ಚಿಲ್ಲರೆ. ಈ ಮಿತಿಯನ್ನು ನೀವೇ ಹಾಕಬೇಕು. ಹಾಕದಿದ್ದರೆ ಒಬ್ಬ ಹುಡುಗನ ಕೊನೆಯಿಲ್ಲದ ಲೂಪ್ ಲಿಸ್ಟಿಗೆ ತುಂಬುತ್ತಾ ಹೋಗಿ ಇಡೀ ತರಗತಿಯನ್ನು ಮಲಗಿಸುತ್ತದೆ. ಹಾಕಿದ್ದರೆ ಅವನ ಕರ್ನಲ್ (ಅವನ ಕೋಡನ್ನು ಓಡಿಸುವ ಪ್ರೋಗ್ರಾಮ್) ಮಾತ್ರ ಸಾಯುತ್ತದೆ.

ಕರೆಂಟ್ ಹೋದಾಗ ಇದರ ಗುಣ ಕಾಣುತ್ತದೆ. ವಿದ್ಯಾರ್ಥಿಯ ಡೆಸ್ಕ್‌ಟಾಪ್ ಆರಿದರೂ ಫೈಲ್, ಕರ್ನಲ್ ಎರಡೂ ಸರ್ವರ್‌ನಲ್ಲಿ ಉಳಿದಿರುತ್ತವೆ. ಸರ್ವರ್ ಜೊತೆಗೆ ನೆಟ್‌ವರ್ಕ್ ಸ್ವಿಚ್ಚನ್ನೂ ಯುಪಿಎಸ್‌ಗೆ ಸೇರಿಸಿ, ಹಲವರು ಮರೆಯುವುದು ಅದನ್ನೇ. ಇನ್ನೊಂದು ಗುಟ್ಟು: 10 ನಿಮಿಷ ಬಳಕೆಯಿಲ್ಲದ ಸೆಷನ್ನನ್ನು ಹಬ್ ತಾನಾಗಿ ಮುಚ್ಚುತ್ತದೆ. ನಮ್ಮ ಕಡೆ ಹೋದ ಕರೆಂಟ್ 10 ನಿಮಿಷಕ್ಕೆ ಬರುವುದು ಅಪರೂಪ. ಈ ಅವಧಿಯನ್ನು, ಅಂದರೆ ಕಲ್ ಟೈಮ್‌ಔಟ್ ಅನ್ನು, 600 ಸೆಕೆಂಡಿನಿಂದ 3600ಕ್ಕೆ ಏರಿಸಿ ಹಬ್ ರೀಲೋಡ್ ಮಾಡಿ. ಮೊದಲ ಲಾಗಿನ್‌ನಲ್ಲಿ ಟೈಪ್ ಮಾಡಿದ್ದೇ ಪಾಸ್‌ವರ್ಡ್ ಆಗುವುದರಿಂದ ಎಲ್ಲರನ್ನೂ ಮೊದಲ ತರಗತಿಯಲ್ಲೇ, ಕಣ್ಣೆದುರಿಗೇ ಲಾಗಿನ್ ಮಾಡಿಸಿ. ಇಲ್ಲವಾದರೆ ಪಕ್ಕದವನು ಆ ಹೆಸರಿನಲ್ಲಿ ಹೊಕ್ಕು ಕೂರಬಹುದು.

ಹಬ್ ಮನೆಗೆ ಬರುವುದಿಲ್ಲ. ಅಲ್ಲಿಗೆ ಪೆನ್‌ಡ್ರೈವೇ ಸರಿ. ಪ್ರತಿಯೊಬ್ಬರೂ ಪ್ಯಾಕೇಜುಗಳಿಗಾಗಿ ನೆಟ್‌ನಿಂದ ತಲಾ 150 ಎಂಬಿ ಇಳಿಸುತ್ತಾರೆಂದರೆ 40 ಜನಕ್ಕೆ 6 ಜಿಬಿ. 50 ಎಂಬಿಪಿಎಸ್ ಲೈನ್ ಪೂರ್ತಿ ಸಿಕ್ಕರೂ 16 ನಿಮಿಷ, ಹಾಗೆ ಪೂರ್ತಿ ಸಿಗುವುದಂತೂ ಇಲ್ಲ. ಬದಲಿಗೆ ನಮ್‌ಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಜುಪಿಟರ್‌ಲ್ಯಾಬ್ ಇವುಗಳ ಹೆಸರನ್ನು ಹಬ್‌ನಲ್ಲಿರುವ ಆವೃತ್ತಿ ಸಂಖ್ಯೆ ಸಮೇತ ಕೈಯಾರೆ ಬರೆದು, ಒಂದು ವಿಂಡೋಸ್ ಯಂತ್ರದಲ್ಲಿ ಪಿಪ್ (ಪ್ಯಾಕೇಜು ತಂದು ಹಾಕುವ ಪೈಥಾನ್ ಸಾಧನ) ಡೌನ್‌ಲೋಡ್‌ಗೆ ಕೊಡಿ. ವೀಲ್ ಫೈಲುಗಳೆಲ್ಲ (ಇನ್‌ಸ್ಟಾಲ್‌ಗೆ ಸಿದ್ಧವಾದ ಪ್ಯಾಕೇಜುಗಳು) ಒಂದೇ ಫೋಲ್ಡರಿಗೆ ಬಂದು ಬೀಳುತ್ತವೆ. ಪೈಥಾನ್ ಇನ್‌ಸ್ಟಾಲರನ್ನೂ ಅದರಲ್ಲೇ ಇಡಿ. ಮನೆಯಲ್ಲಿ ನೋ-ಇಂಡೆಕ್ಸ್, ಫೈಂಡ್-ಲಿಂಕ್ಸ್ ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡಿದರೆ ನೆಟ್ ತಂಟೆಗೇ ಹೋಗುವುದಿಲ್ಲ.

‘ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್’ ಸಿಗಲಿಲ್ಲ ಎಂದು ಬಂದರೆ ಹೆಚ್ಚಿನ ಸಲ ಕಾರಣ ಒಂದೇ. ವೀಲ್‌ನ ಹೆಸರಿನಲ್ಲಿ ಸಿಪಿ311 ಎಂದಿದ್ದರೆ ಅದು ಪೈಥಾನ್ 3.11ಕ್ಕೆ ಮಾತ್ರ, ಲ್ಯಾಪ್‌ಟಾಪಿನಲ್ಲಿ ಬೇರೆ ಆವೃತ್ತಿಯೋ 32 ಬಿಟ್‌ನದ್ದೋ ಇರುತ್ತದೆ. ಪೈಥಾನ್ ಎಂದು ಟೈಪಿಸಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ ಸೆಟ್ಟಿಂಗ್ಸ್‌ನ ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸ್‌ನಲ್ಲಿ ಅದನ್ನು ಆಫ್ ಮಾಡಿ. ಸಿದ್ಧವಾದ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಪೈಥಾನ್) ಫೋಲ್ಡರನ್ನೇ ಕಾಪಿ ಮಾಡಿ ಹಂಚಬೇಡಿ, ಅದರೊಳಗೆ ಹಳೆಯ ಯಂತ್ರದ ಪಾತ್ (ಫೋಲ್ಡರ್ ವಿಳಾಸ) ಅಂಟಿಕೊಂಡಿರುತ್ತದೆ. ಹಂಚುವ ಮೊದಲು ಪೈಥಾನ್ ಇಲ್ಲದ ಒಂದು ಲ್ಯಾಪ್‌ಟಾಪಿನ ವೈ-ಫೈ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹಾಕಿ ನೋಡಿ.