ಚಳಿಗೆ ಮುಂಚೆ ಹೊರಗೋಡೆ, ಮಾಳಿಗೆ, ಕಿಟಕಿ ಕೆಲಸ: ಗೌಂಡಿಗೆ ಪೂರ್ತಿ ಮಾರ್ಕು, ಕಿಟಕಿ ಹುಡುಗನಿಗೆ ಅರ್ಧ

ಧಾರವಾಡದ ಚಳಿ ಅಂದರೆ ಬೇರೆ ಊರಿನವರು ನಗುತ್ತಾರೆ. ಹಿಮ ಬೀಳಲ್ಲ, ನಿಜ. ಆದರೆ ಊರು 700 ಮೀಟರ್‌ಗಿಂತ ಎತ್ತರದಲ್ಲಿದೆ, ಡಿಸೆಂಬರ್-ಜನವರಿಯಲ್ಲಿ ರಾತ್ರಿ 13-14 ಡಿಗ್ರಿಗೆ ಇಳಿಯುವುದು ಮಾಮೂಲಿ, ಅದರ ಮೇಲೆ ಮೂಡಗಾಳಿ. ಮಳೆಗಾಲವಿಡೀ ನೆನೆದ ಗೋಡೆ ಆ ಹೊತ್ತಿಗೂ ಒಣಗಿರದಿದ್ದರೆ ಮನೆಯೊಳಗೆ ಸ್ವೆಟರ್ ಹಾಕಿಕೊಂಡೇ ಕೂರಬೇಕು.

ನಮ್ಮದು ಸಪ್ತಾಪುರದ ಕಡೆ, ಹಳೆಯ ಆರ್‌ಸಿಸಿ ಮನೆ. ಹೊರಗೋಡೆ, ಮಾಳಿಗೆ, ಕಿಟಕಿ ಮೂರನ್ನೂ ಒಟ್ಟಿಗೆ ಸರಿ ಮಾಡಿಕೊಡುವ ಊರಿನದೇ ಒಂದು ಚಿಕ್ಕ ತಂಡಕ್ಕೆ ಕೆಲಸ ಕೊಟ್ಟಿದ್ದೆವು. ದೊಡ್ಡ ಕಂಪನಿಯವರೂ ಬಂದು ನೋಡಿ ಹೋಗಿದ್ದರು. ಅವರ ರೇಟು ಕೇಳಿ ನಮ್ಮ ಮಾವನವರು ಒಳಗೆ ಎದ್ದು ಹೋದರು, ಅಷ್ಟೇ ಹೇಳಬಲ್ಲೆ.

ಮೊದಲು ಒಳ್ಳೆಯದು. ನಮಗೆ ದೀಪಾವಳಿ ಒಳಗೆ ಬಣ್ಣ ಮುಗಿಸುವ ಅವಸರ, ಎಲ್ಲರಿಗೂ ಇರುತ್ತದೆ ಅಲ್ವಾ. ತಂಡದ ಹಿರಿಯ ಗೌಂಡಿ ಒಪ್ಪಲೇ ಇಲ್ಲ. "ಗ್ವಾಡಿ ಇನ್ನೂ ಹಸಿ ಐತ್ರಿ ಅಕ್ಕಾರ, ಈಗ ಬಣ್ಣ ಹೊಡದ್ರ ಹೊಟ್ಟಿ ಉಬ್ಬಿ ಬರ್ತೈತಿ" ಅಂದರು. ನಾವು ನಂಬದಂತೆ ಕಂಡೆವೋ ಏನೋ, ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಪಡುವಣ ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಬಡಿದು ಹೋದರು. ಮರುದಿನ ಬೆಳಿಗ್ಗೆ ಹಾಳೆಯ ಒಳಮೈ ತುಂಬಾ ಸಣ್ಣ ಸಣ್ಣ ಹನಿ. ಗೋಡೆಯೊಳಗಿನ ನೀರೇ ಹೊರಗೆ ಬಂದು ಕೂತಿತ್ತು. ಹಬ್ಬ ಹಳೇ ಬಣ್ಣದಲ್ಲೇ ಆಯಿತು, ಕೆಲಸ ಶುರುವಾಗಿದ್ದು ಬಿಸಿಲು ಗಟ್ಟಿಯಾದ ಮೇಲೆ. ಸಿಗುವ ಕೂಲಿಯನ್ನು ಮುಂದೆ ಹಾಕಿ ಕಾಯಿರಿ ಅನ್ನುವವರು ಎಷ್ಟು ಜನ ಸಿಗುತ್ತಾರೆ ಹೇಳಿ!

ಬಿರುಕಿನ ಕೆಲಸವೂ ಹಾಗೇ. ಸಾಮಾನ್ಯವಾಗಿ ಬಿರುಕಿನ ಮೇಲೆ ಪುಟ್ಟಿ ಸವರಿ ಬಣ್ಣ ಹೊಡೆದು ಹೋಗುತ್ತಾರೆ, ಒಂದು ಬೇಸಿಗೆ ಕಳೆಯುವುದರೊಳಗೆ ಅದೇ ಗೆರೆ ಅದೇ ಜಾಗದಲ್ಲಿ. ಇವರು ಬಿರುಕನ್ನು ಮೊದಲು ಕೆತ್ತಿ ಅಗಲ ಮಾಡಿದರು, ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆದರು, ಆಮೇಲೆ ಫಿಲ್ಲರ್ ತುಂಬಿದರು. ಗಿಲಾವು ಪೊಳ್ಳಾದ ಕಡೆ ತಟ್ಟಿ ಸದ್ದು ಕೇಳಿ ಅಷ್ಟನ್ನೂ ಕಿತ್ತು ಹೊಸದಾಗಿ ಹಾಕಿದರು. ಹುಬ್ಬಳ್ಳಿ, ನವಲಗುಂದ ಕಡೆ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳದ್ದು ಮಾತ್ರ ಬೇರೆ ಕಥೆ. ಅಲ್ಲಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಬಿರುಕು ಬುನಾದಿಯಿಂದಲೇ ಬರುತ್ತದೆ. ಅಂಥದ್ದಕ್ಕೆ ಫಿಲ್ಲರ್ ತುಂಬಿ ದುಡ್ಡು ಕಳೆಯಬೇಡಿ, ಇಂಜಿನಿಯರ್‌ಗೆ ತೋರಿಸಿ.

ಮಾಳಿಗೆಯಲ್ಲಿ ಪ್ಯಾರಪೆಟ್ ಗೋಡೆಯ ಬುಡಕ್ಕೆ ಸಿಮೆಂಟಿನ ಗೋಲಾ (ಮೂಲೆ ತುಂಬುವ ದುಂಡನೆಯ ಅಂಚು) ಕಟ್ಟಿ, ಮೇಲೆ ಜಾಲರಿ ಹಾಸಿ ಬಿಳಿ ಕೋಟಿಂಗ್ ಹಚ್ಚಿದರು. ಒಣಗಿದ ಮೇಲೆ ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ನೀರು ನಿಲ್ಲಿಸಿ, ಒಂದು ದಿನ ಪೂರ್ತಿ ಬಿಟ್ಟು ನೋಡಿದರು. ಕೆಳಗೆ ಒಂದು ಹನಿ ಇಳಿಯಲಿಲ್ಲ. ಒಂದು ಮಾತು: ಬಿಳಿ ಕೋಟಿಂಗ್ ಬೇಸಿಗೆಯ ಬಿಸಿಗೆ ಒಳ್ಳೆಯದು, ಬಿಸಿಲನ್ನು ವಾಪಸ್ ಕಳಿಸುತ್ತದೆ. ಚಳಿಗಾಲದಲ್ಲೂ ಅದೇ ಮಾಡುತ್ತದೆ. ಹಾಗಾಗಿ "ಚಳಿಗೂ ಬೆಚ್ಚಗಿರುತ್ತೆ" ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ.

ಇದೇ ತಂಡದ ಇನ್ನೊಬ್ಬರು ಚಳಿ ತಡೆಯಲು ಗೋಡೆಯ ಒಳಮೈಗೆ ಥರ್ಮಾಕೋಲ್ ಹಾಳೆ ಹಾಕಿ ಮೇಲೆ ಜಿಪ್ಸಮ್ ಬೋರ್ಡ್ ಹೊಡೆಯೋಣ ಅಂತ ಬಹಳ ಒತ್ತಾಯ ಮಾಡಿದರು. ಫೋನಿನಲ್ಲಿ ಚಳಿ ದೇಶದ ವಿಡಿಯೋ ಬೇರೆ ತೋರಿಸಿದರು. ಅಲ್ಲಿಯವರು ಹೀಟರ್ ಹಾಕಿ ಮನೆ ಕಾಯಿಸುತ್ತಾರೆ, ಆ ಶಾಖ ಹೊರಗೆ ಹೋಗದಂತೆ ಗೋಡೆಗೆ ಹೊದಿಕೆ ಬೇಕು. ನಾವು ಕಾಯಿಸುವುದೇ ಇಲ್ಲ, ಹಿಡಿದಿಡುವುದು ಏನನ್ನು? ಮೇಲಾಗಿ ಗೋಡೆಯಲ್ಲಿ ತೇವ ಉಳಿದಿದ್ದರೆ ಬೋರ್ಡಿನ ಹಿಂದೆ ಬೂಷ್ಟು ಬೆಳೆದದ್ದು ಕಣ್ಣಿಗೂ ಬೀಳಲ್ಲ. ನಮಗೆ ಬೇಕಾದದ್ದು ಒಣ ಗೋಡೆ ಮತ್ತು ಗಾಳಿ ನುಗ್ಗದ ಕಿಟಕಿ. ಬೇಡ ಅಂದೆವು.

ಈಗ ಕಿಟಕಿ. ನಮ್ಮಲ್ಲಿ ಮಳೆ ಪಡುವಣದಿಂದ ಹೊಡೆಯುತ್ತದೆ, ಚಳಿಗಾಳಿ ಮೂಡಣದಿಂದ ಬರುತ್ತದೆ. ಹಾಗಾಗಿ ಮೂಡಣದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳನ್ನು ಮೊದಲು ನೋಡಿ ಅಂತ ಹೇಳಿದ್ದೆ. ಬಂದ ಹುಡುಗ ಎಲ್ಲಾ ಕಡೆ ಸಿಲಿಕೋನ್ ಹೊಡೆದ. ಎಲ್ಲಾ ಕಡೆ ಅಂದರೆ, ಕೆಳಗಿನ ಹಳಿಯಲ್ಲಿ ಮಳೆನೀರು ಹೊರಗೆ ಹರಿಯಲಿ ಅಂತ ಇಟ್ಟಿರುವ ಸಣ್ಣ ತೂತುಗಳಿಗೂ! ಅವು ಮುಚ್ಚಿದರೆ ಮುಂದಿನ ಜೂನ್‌ನಲ್ಲಿ ನೀರು ಒಳಗೇ ಬರುತ್ತದೆ. ಚೌಕಟ್ಟು ಮತ್ತು ಗೋಡೆಯ ನಡುವೆಯೂ ಅದನ್ನೇ ತುಂಬಿದ್ದ, ಸಿಲಿಕೋನ್ ಮೇಲೆ ಬಣ್ಣ ಹಿಡಿಯಲ್ಲ, ಅಲ್ಲಿಗೆ ಬಣ್ಣ ಹಿಡಿಯುವ ಸೀಲೆಂಟ್ ಬೇರೆಯೇ ಸಿಗುತ್ತದೆ. ನಿಜವಾಗಿ ಗಾಳಿ ಬರುತ್ತಿದ್ದದ್ದು ಕಿಟಕಿಯ ಸರಿಯುವ ಬಾಗಿಲ ಅಂಚಿನ ಸವೆದ ಕೂದಲು ಪಟ್ಟಿಯಿಂದ (ಸಂದು ಮುಚ್ಚುವ ಬ್ರಷ್‌ನಂಥ ಪಟ್ಟಿ), ಅದನ್ನು ಮುಟ್ಟಿಯೇ ಇರಲಿಲ್ಲ. ಫೋನ್ ಮಾಡಿದಾಗ ಗೌಂಡಿಯೇ ಬಂದು ಬ್ಲೇಡಿನಿಂದ ತೂತುಗಳನ್ನು ಬಿಡಿಸಿಕೊಟ್ಟರು. ಪಟ್ಟಿ ಮಾತ್ರ ಕೊನೆಗೆ ಅಲ್ಯೂಮಿನಿಯಂ ಸೆಕ್ಷನ್ ಕೆಲಸದವರ ಹತ್ತಿರ ಹಾಕಿಸಿದೆವು. ಅದಕ್ಕೆ ಆದ ಖರ್ಚು ಬಲು ಕಡಿಮೆ, ರಾತ್ರಿ ಗೊತ್ತಾದ ವ್ಯತ್ಯಾಸ ಜಾಸ್ತಿ.

ಇನ್ನೊಂದು, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಹುಡುಗ ಬಚ್ಚಲಮನೆಯ ವೆಂಟಿಲೇಟರನ್ನೂ ಮುಚ್ಚಿಬಿಡಲಾ ಅಂತ ಕೇಳಿದ್ದ. ಒಳಗೆ ಗ್ಯಾಸ್ ಗೀಸರ್ ಇದೆ. ಗಾಳಿ ಆಡದ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ವಾಸನೆಯೂ ಇರಲ್ಲ, ಜೀವ ಹೋಗುತ್ತದೆ. ಎಷ್ಟೇ ಚಳಿ ಇರಲಿ, ಆ ಕಿಂಡಿ ತೆರೆದೇ ಇರಬೇಕು.

ಗೋಡೆ, ಮಾಳಿಗೆ ಕೆಲಸಕ್ಕೆ ಇದೇ ಗೌಂಡಿಯನ್ನು ಮತ್ತೆ ಕರೆಯುತ್ತೇನೆ, ಕಿಟಕಿಗೆ ಕರೆಯಲ್ಲ. ಗ್ಯಾರಂಟಿ ಬಗ್ಗೆ ಬಾಯಿಮಾತು ಬೇಡ. ನಮ್ಮ ಬಿಲ್ಲಿನಲ್ಲಿ ಮಾಳಿಗೆಗೆ ಮಾತ್ರ ಬರೆದಿದ್ದರು, ಕೇಳಿದ ಮೇಲೆ ಹೊರಗೋಡೆಯ ಬಿರುಕನ್ನೂ ಸೇರಿಸಿ ಸಹಿ ಹಾಕಿದರು. ಕೊನೆಯ ಕಂತು ಕೊಡುವ ಮುಂಚೆಯೇ ಕೇಳಿ.