ಮಗುವಿಗೆ ಮುಂಚೆ ಬಾಡಿಗೆ ಮನೆಗೆ ಬಡಾವಣೆ ಹುಡುಕುವವರಿಗೆ ವಾಕ್ ಸ್ಕೋರ್, ಗೂಗಲ್ ಮ್ಯಾಪ್ಸ್ ಎಷ್ಟು ಉಪಯೋಗ?

ಮಗು ಬೇಕೆಂದು ನಿರ್ಧರಿಸಿ, ಅದಕ್ಕೆ ಮುಂಚೆಯೇ ಮನೆ ಬದಲಿಸಲು ಹೊರಟ ದಂಪತಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಒಳ್ಳೆಯ ಶಾಲೆ ಹತ್ತಿರ ಇರುವ ಏರಿಯಾ ನೋಡಿ. ಮನೆ ಕೊಳ್ಳುವವರಿಗೆ ಈ ಮಾತು ಸರಿ, ಬಾಡಿಗೆಗೆ ಹೋಗುವವರಿಗೆ ಅಲ್ಲ. ಇನ್ನೂ ಹುಟ್ಟದ ಮಗು ಒಂದನೇ ತರಗತಿಗೆ ಸೇರಲು ಆರೇಳು ವರ್ಷವಿದೆ. ಬಾಡಿಗೆ ಕರಾರು ಹೆಚ್ಚೆಂದರೆ ಒಂದೆರಡು ವರ್ಷದ್ದು. ಶಾಲೆಯ ಹೆಸರಿಗಾಗಿ ಈಗಿನಿಂದಲೇ ಹೆಚ್ಚು ಬಾಡಿಗೆ ಕಟ್ಟಿದರೆ ಬಳಸದ ಸೌಲಭ್ಯಕ್ಕೆ ವರ್ಷಗಟ್ಟಲೆ ದುಡ್ಡು ತೆತ್ತಂತೆ. ಅಷ್ಟರಲ್ಲಿ ಶಾಲೆಯ ಪ್ರವೇಶ ನಿಯಮವೂ ಬದಲಾಗಿರಬಹುದು, ನಿಮ್ಮ ಕೆಲಸದ ಜಾಗವೂ ಬದಲಾಗಿರಬಹುದು.

ಮೊದಲ ಮೂರು ವರ್ಷಕ್ಕೆ ಬೇಕಾಗುವುದೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯ ಪ್ರಕಾರ ಗರ್ಭಿಣಿಗೆ ಹೆರಿಗೆಗೆ ಮುಂಚೆ ಕನಿಷ್ಠ 8 ತಪಾಸಣೆ ಆಗಬೇಕು. ಹೆರಿಗೆಯ ನಂತರ ಮೊದಲ ಆರು ವಾರದಲ್ಲೇ ಮತ್ತೆ ಹಲವು ಸಲ ತಾಯಿ ಮಗುವನ್ನು ತೋರಿಸಬೇಕು. ಹಲವು ದೇಶಗಳಲ್ಲಿ 6, 10, 14ನೇ ವಾರಕ್ಕೆ ಲಸಿಕೆ ಇರುತ್ತದೆ. ಅಂದರೆ ಈ ಮನೆಯಿಂದ ನೀವು ಹೆಚ್ಚು ಸಲ ಓಡಾಡುವುದು ಆಸ್ಪತ್ರೆಗೆ, ಔಷಧಿ ಅಂಗಡಿಗೆ, ಆಮೇಲೆ ಆಟದ ಮೈದಾನಕ್ಕೆ. ಜನ ಹೆಚ್ಚು ಬಳಸುವ ಉಚಿತ ನಕ್ಷೆ ಸೇವೆಗಳನ್ನು ಇಲ್ಲಿ ಈ ಅಗತ್ಯದ ಮೇಲೆಯೇ ಅಳೆದಿದ್ದೇವೆ.

ಮೊದಲು ವಾಕ್ ಸ್ಕೋರ್. 2007ರಲ್ಲಿ ಶುರುವಾದ ಈ ತಾಣವನ್ನು 2014ರಲ್ಲಿ ಅಮೆರಿಕದ ರಿಯಲ್ ಎಸ್ಟೇಟ್ ಸಂಸ್ಥೆ ರೆಡ್‌ಫಿನ್ ಕೊಂಡಿತು. ವಿಳಾಸ ಕೊಟ್ಟರೆ 0ರಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. ಲೆಕ್ಕ ಸರಳ. ದಿನಸಿ, ಹೋಟೆಲು, ಅಂಗಡಿ, ಉದ್ಯಾನ, ಶಾಲೆ ಇಂಥ ಗುಂಪುಗಳ ಜಾಗಗಳು 5 ನಿಮಿಷದ ನಡಿಗೆಯೊಳಗೆ, ಅಂದರೆ ಸುಮಾರು 400 ಮೀಟರಿನೊಳಗೆ ಇದ್ದರೆ ಪೂರ್ತಿ ಅಂಕ. ದೂರ ಹೆಚ್ಚಿದಂತೆ ಅಂಕ ಇಳಿಯುತ್ತದೆ, 30 ನಿಮಿಷ ದಾಟಿದರೆ ಸೊನ್ನೆ. ಇದಕ್ಕೆ ಜನಸಾಂದ್ರತೆ, ರಸ್ತೆಗಳು ಎಷ್ಟು ಹತ್ತಿರ ಹತ್ತಿರ ಕೂಡುತ್ತವೆ ಎಂಬುದೂ ಸೇರುತ್ತದೆ. 90 ಅಥವಾ ಅದಕ್ಕಿಂತ ಮೇಲಿದ್ದರೆ ದಿನನಿತ್ಯದ ಕೆಲಸಕ್ಕೆ ಕಾರು ಬೇಡ, 70ರಿಂದ 89 ಆದರೆ ಹೆಚ್ಚಿನ ಕೆಲಸ ನಡೆದೇ ಮುಗಿಯುತ್ತದೆ ಎಂದು ಅರ್ಥ.

ತೊಂದರೆ ಇರುವುದು ಈ ಒಟ್ಟು ಅಂಕದಲ್ಲೇ. ಹೋಟೆಲು, ಬಾರು, ಮನರಂಜನೆಯ ಜಾಗಗಳು ಹೆಚ್ಚಿರುವ ಬೀದಿಗೆ ಅಂಕವೂ ಹೆಚ್ಚು. ರಾತ್ರಿ ಹನ್ನೆರಡರವರೆಗೆ ಗಲಾಟೆ ಇರುವುದೂ ಅದೇ ಬೀದಿಯಲ್ಲಿ. ಫುಟ್‌ಪಾತ್ ಇದೆಯೇ, ಅಗಲ ಎಷ್ಟು, ವಾಹನಗಳು ಯಾವ ವೇಗದಲ್ಲಿ ಹೋಗುತ್ತವೆ ಎಂಬುದು ಈ ಲೆಕ್ಕದಲ್ಲಿ ಇಲ್ಲ. ಐದು ನಿಮಿಷದ ನಡಿಗೆ ಎನ್ನುವಾಗ ಅದರ ಲೆಕ್ಕದಲ್ಲಿರುವುದು ಕೈಬೀಸಿ ನಡೆಯುವ ವಯಸ್ಕರು. ಎರಡು ವರ್ಷದ ಮಗು ಕೈಹಿಡಿದು ನಡೆದರೆ ಅದೇ ದಾರಿ ಹತ್ತು ನಿಮಿಷ ದಾಟುತ್ತದೆ. ಹಾಗಾಗಿ ಅಂಕ ಬಿಟ್ಟು ಅದರ ಕೆಳಗಿನ ಪಟ್ಟಿ ತೆರೆಯಿರಿ. ದಿನಸಿ ಮತ್ತು ಉದ್ಯಾನದ ದೂರ ನೋಡಿ, ಉಳಿದದ್ದನ್ನು ತಲೆಗೆ ಹಾಕಿಕೊಳ್ಳಬೇಡಿ. ಮಗುವಿರುವ ಮನೆಗೆ, ಹೋಟೆಲುಗಳಿಂದ 92 ಪಡೆದ ಬೀದಿಗಿಂತ ಉದ್ಯಾನ, ದಿನಸಿ, ಔಷಧಿ ಅಂಗಡಿ ಮೂರೂ ಹತ್ತಿರವಿದ್ದು 65 ಪಡೆದ ಬೀದಿಯೇ ಮೇಲು. ಸೇವೆ ಸಿಗುವುದು ಮುಖ್ಯವಾಗಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ವಿಳಾಸಗಳಿಗೆ. ಬೇರೆ ಕಡೆ ಇರುವವರಿಗೆ ನಷ್ಟವೇನಿಲ್ಲ, ಇದೇ ಲೆಕ್ಕವನ್ನು ಯಾವುದೇ ನಕ್ಷೆಯಲ್ಲಿ ಕೈಯಾರೆ ಮಾಡಬಹುದು. ವಾಕ್ ಸ್ಕೋರ್‌ಗೆ ನಾವು ಕೊಡುವುದು ಐದಕ್ಕೆ ಎರಡೂವರೆ ಅಂಕ.

ಗೂಗಲ್ ಮ್ಯಾಪ್ಸ್ ಈ ಕೆಲಸಕ್ಕೆ ಬಹಳ ಉಪಯೋಗ, ಆದರೆ ಹೆಚ್ಚಿನವರು ಅದರಲ್ಲಿ ದೂರ ಮಾತ್ರ ನೋಡಿ ಮುಚ್ಚಿಬಿಡುತ್ತಾರೆ. ಭಾನುವಾರ ಬೆಳಗ್ಗೆ ಮನೆ ಹುಡುಕುತ್ತಾ ಕೂತವರಿಗೆ ಆಸ್ಪತ್ರೆ 14 ನಿಮಿಷ ಎಂದು ತೋರಿಸಿದರೆ ಅದು ಭಾನುವಾರದ 14 ನಿಮಿಷ. ದಾರಿ ಹುಡುಕಿದ ಮೇಲೆ ಹೊರಡುವ ಹೊತ್ತನ್ನು ವಾರದ ದಿನದ ಬೆಳಗ್ಗೆ 8.30ಕ್ಕೆ ಇಡಿ, ಮತ್ತೊಮ್ಮೆ ಸಂಜೆ 6ಕ್ಕೆ ಇಡಿ. ಆಗ ಸಮಯ ಒಂದೇ ಸಂಖ್ಯೆಯಾಗಿ ಬಾರದೆ 16ರಿಂದ 35 ನಿಮಿಷ ಎಂಬಂತೆ ಬರುತ್ತದೆ. ಎರಡರಲ್ಲಿ ದೊಡ್ಡದನ್ನೇ ನಂಬಿ. ಹೆರಿಗೆ ನೋವು ಟ್ರಾಫಿಕ್ ನೋಡಿಕೊಂಡು ಬರುವುದಿಲ್ಲ. ಆಸ್ಪತ್ರೆ ಎಂದ ಮಾತ್ರಕ್ಕೆ ಸಾಲದು, ಹೆರಿಗೆ ವಿಭಾಗ ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಎರಡೂ ಅಲ್ಲಿವೆಯೇ ಎಂದು ಫೋನ್ ಮಾಡಿ ಕೇಳಿ. ನಕ್ಷೆಯಲ್ಲಿ ಚರ್ಮದ ಕ್ಲಿನಿಕ್ಕಿಗೂ ದೊಡ್ಡ ಆಸ್ಪತ್ರೆಗೂ ಹೆಚ್ಚುಕಡಿಮೆ ಒಂದೇ ಗುರುತು.

ಬಸ್ಸು, ರೈಲು ನಂಬಿಕೊಂಡವರು ಸಾರ್ವಜನಿಕ ಸಾರಿಗೆಯ ಆಯ್ಕೆಗಳಲ್ಲಿ ಗಾಲಿಕುರ್ಚಿ ಹೋಗಬಲ್ಲ ದಾರಿ ಎಂಬುದನ್ನು ಒತ್ತಿ ನೋಡಬೇಕು. ಗಾಲಿಕುರ್ಚಿ ಹೋದಲ್ಲಿ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ ಕೂಡ ಹೋಗುತ್ತದೆ. ಇದನ್ನು ಒತ್ತಿದ ತಕ್ಷಣ ದಾರಿ ಇಪ್ಪತ್ತು ನಿಮಿಷ ಸುತ್ತಿಕೊಂಡು ಬಂದರೆ ಹತ್ತಿರದ ನಿಲ್ದಾಣದಲ್ಲಿ ಲಿಫ್ಟ್ ಇಲ್ಲದಿರಬಹುದು, ಹೋಗಿ ನೋಡಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಡಿಸಿದ ಸ್ಟ್ರಾಲರ್ ಹಿಡಿದು ಮೆಟ್ಟಿಲಿಳಿಯುವುದು ದಿನಾ ಮಾಡಲಾಗುವ ಕೆಲಸವಲ್ಲ. ಎಲ್ಲ ಊರಿನ ಮಾಹಿತಿ ಇದರಲ್ಲಿ ಇರುವುದಿಲ್ಲ, ಅದೊಂದು ಕೊರತೆ.

ಗೂಗಲ್ ಮ್ಯಾಪ್ಸ್‌ನಲ್ಲೇ ಬೀದಿಯ ಫೋಟೋ ತೋರಿಸುವ ಸ್ಟ್ರೀಟ್ ವ್ಯೂ ತೆರೆದಾಗ ಮೊದಲು ಚಿತ್ರ ಯಾವ ತಿಂಗಳು, ಯಾವ ವರ್ಷದ್ದು ಎಂದು ನೋಡಿ. ಐದು ವರ್ಷ ಹಳೆಯದಾದರೆ ಅದನ್ನು ನಂಬಿ ಏನನ್ನೂ ತೀರ್ಮಾನಿಸಬೇಡಿ. ಹಳೆಯ ದಿನಾಂಕದ ಚಿತ್ರಗಳನ್ನೂ ನೋಡುವ ಸೌಲಭ್ಯ 2014ರಿಂದ ಇದೆ, ಒಂದೇ ಜಾಗವನ್ನು ಮೂರು ನಾಲ್ಕು ವರ್ಷಗಳ ಅಂತರದಲ್ಲಿ ನೋಡಿದರೆ ಬಡಾವಣೆ ಯಾವ ಕಡೆ ಸಾಗುತ್ತಿದೆ ಎಂದು ಗೊತ್ತಾಗುತ್ತದೆ. ಮನೆಯಿಂದ ಉದ್ಯಾನದವರೆಗೆ ಕರ್ಸರ್‌ನಲ್ಲೇ ನಡೆಯಿರಿ. ಫುಟ್‌ಪಾತ್ ಎಲ್ಲಿ ತುಂಡಾಗುತ್ತದೆ, ರಸ್ತೆ ದಾಟುವಲ್ಲಿ ಇಳಿಜಾರು ಇದೆಯೇ ಇಲ್ಲ ಒಂದು ಅಡಿ ಎತ್ತರದ ಕಲ್ಲಿದೆಯೇ, ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸಿದ್ದಾರೆಯೇ ನೋಡುತ್ತಾ ಹೋಗಿ. ಆಮೇಲೆ ಉಪಗ್ರಹ ಚಿತ್ರಕ್ಕೆ ಬದಲಿಸಿ, ಮನೆಯ ಸುತ್ತ ನೂರು ಮೀಟರಿನೊಳಗೆ ಖಾಲಿ ಜಾಗ ಎಷ್ಟಿದೆ ಎಣಿಸಿ. ಇದನ್ನು ಜನ ಮರೆಯುತ್ತಾರೆ. ಕಿಟಕಿ ಎದುರಿನ ಖಾಲಿ ಸೈಟು ಈಗ ಗಾಳಿ ಬೆಳಕು ಕೊಡುತ್ತದೆ, ಮುಂದಿನ ವರ್ಷ ಅಲ್ಲಿ ಕಟ್ಟಡ ಏಳಬಹುದು. ಮೂರು ತಿಂಗಳೊಳಗಿನ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಅದರಲ್ಲಿ ದೊಡ್ಡ ಪಾಲು ಹಗಲಿನಲ್ಲೇ. ಡ್ರಿಲ್ಲಿಂಗ್ ನಡೆಯುವುದೂ ಹಗಲಿನಲ್ಲೇ.

ಉದ್ಯಾನಗಳ ವಿಷಯದಲ್ಲಿ ಮಾತ್ರ ಗೂಗಲ್ ಮೇಲೆ ಭರವಸೆ ಇಡಬೇಡಿ. ಹಸಿರು ಬಣ್ಣ ತುಂಬಿದ್ದೆಲ್ಲ ಆಟದ ಜಾಗವಲ್ಲ, ಕೆಲವು ಬರೀ ವಾಕಿಂಗ್ ಟ್ರ್ಯಾಕ್, ಕೆಲವು ಬೀಗ ಹಾಕಿದ ಹುಲ್ಲುಹಾಸು. ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ ನೆರಳು, ಬೇಲಿ, ಗೇಟು, ಶೌಚಾಲಯ ಎಂಬ ಪದಗಳನ್ನು ಹುಡುಕಿ. ಮೂರು ವರ್ಷದೊಳಗಿನವರಿಗೆ ಬೇಕಾದದ್ದು ಕಾಲು ತೂರಿಸಿ ಕೂರುವ ಬಕೆಟ್ ಉಯ್ಯಾಲೆ, ಸುತ್ತ ಬೇಲಿ, ಕೆಳಗೆ ಮರಳು ಅಥವಾ ರಬ್ಬರ್ ಹಾಸು. ಬಿಸಿಲಿಗೆ ತೆರೆದ ಲೋಹದ ಜಾರುಬಂಡೆ ಮಧ್ಯಾಹ್ನ ಚರ್ಮ ಸುಡುವಷ್ಟು ಕಾಯುತ್ತದೆ. ಇಷ್ಟಾದರೂ ಒಟ್ಟಾರೆ ಐದಕ್ಕೆ ನಾಲ್ಕು ಅಂಕ ಕೊಡಬಹುದು.

ಉದ್ಯಾನ ಮತ್ತು ಕಾಲುದಾರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲು. 2004ರಿಂದ ಸ್ವಯಂಸೇವಕರು ಕಟ್ಟುತ್ತಿರುವ ನಕ್ಷೆ ಇದು. ಆಟದ ಅಂಗಳ, ಕಾಲುದಾರಿ, ಮೆಟ್ಟಿಲು, ಕುಡಿಯುವ ನೀರು, ಬೆಂಚು ಎಲ್ಲಕ್ಕೂ ಬೇರೆ ಬೇರೆ ಗುರುತು ಇವೆ. ಮೆಟ್ಟಿಲು ಬೇರೆಯಾಗಿ ಕಾಣುವುದು ಸ್ಟ್ರಾಲರ್ ತಳ್ಳುವವರಿಗೆ ದೊಡ್ಡ ಅನುಕೂಲ. ಒಂದು ಬಡಾವಣೆಯಲ್ಲಿ ಮರ ಮರವನ್ನೂ ಗುರುತಿಸಿರುತ್ತಾರೆ, ಪಕ್ಕದ್ದರಲ್ಲಿ ರಸ್ತೆ ಬಿಟ್ಟರೆ ಏನೂ ಇರುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಇದ್ದರೆ ಇದೆ ಎಂದುಕೊಳ್ಳಿ, ಇಲ್ಲದಿದ್ದರೆ ಇಲ್ಲ ಎಂದುಕೊಳ್ಳಬೇಡಿ. ಮೂರೂವರೆ ಅಂಕ.

ಗಾಳಿಯ ಗುಣಮಟ್ಟ ತೋರಿಸುವ ಆಪ್‌ಗಳು ಬಡಾವಣೆ ಬಡಾವಣೆ ಹೋಲಿಸಲು ಸಾಲುವುದಿಲ್ಲ. ತೋರಿಸುವ ಸಂಖ್ಯೆ ಎಷ್ಟೋ ಸಲ ಕೆಲವು ಕಿಲೋಮೀಟರ್ ದೂರದ ಮಾಪನ ಕೇಂದ್ರದ್ದು, ಅಥವಾ ಅದರಿಂದ ಅಂದಾಜು ಮಾಡಿದ್ದು. ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸೂಕ್ಷ್ಮ ಕಣಗಳು, ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು, ಬಹಳಷ್ಟು ನಗರಗಳು ಅದರ ಹತ್ತಿರವೂ ಇಲ್ಲ. ನಿಮ್ಮ ಕೈಯಲ್ಲಿರುವುದು ದೊಡ್ಡ ರಸ್ತೆಯಿಂದ ದೂರ ಇರುವುದು. ವಾಹನದ ಹೊಗೆಯ ಪ್ರಭಾವ ಹೆದ್ದಾರಿಯಿಂದ ಸುಮಾರು 300ರಿಂದ 500 ಮೀಟರ್‌ವರೆಗೆ ಹೆಚ್ಚು. ಗೂಗಲ್ ಮ್ಯಾಪ್ಸ್‌ನ ದೂರ ಅಳೆಯುವ ಸಾಧನದಿಂದ ಮನೆಗೂ ಹೆದ್ದಾರಿಗೂ ನೇರ ಗೆರೆ ಎಳೆಯಿರಿ. ಅದೇ ಬಾಡಿಗೆಗೆ ಎರಡು ರಸ್ತೆ ಒಳಗಿನ ಮನೆ ಸಿಕ್ಕರೆ ಯೋಚನೆ ಮಾಡದೆ ಅದನ್ನೇ ಹಿಡಿಯಿರಿ, ಸದ್ದೂ ಕಡಿಮೆಯಾಗುತ್ತದೆ.

ನಕ್ಷೆಯಲ್ಲಿ ಎರಡು ಮೂರು ಬಡಾವಣೆಗೆ ಇಳಿಸಿಕೊಂಡ ಮೇಲೆ ಕಾಲ್ನಡಿಗೆಯಲ್ಲೇ ನೋಡಬೇಕು. ವಾರದ ದಿನ ಸಂಜೆ ನಾಲ್ಕೂವರೆಗೆ ಒಮ್ಮೆ ಹೋಗಿ, ಉದ್ಯಾನದಲ್ಲಿ ಪುಟ್ಟ ಮಕ್ಕಳು ಇದ್ದಾರೆಯೇ ನೋಡಿ. ಅಂಗಳ ಇದ್ದೂ ಮಕ್ಕಳಿಲ್ಲದಿದ್ದರೆ ಏನೋ ಕಾರಣವಿದೆ, ಅಲ್ಲಿ ಕೂತಿರುವ ಅಜ್ಜಿ ತಾತಂದಿರನ್ನು ಕೇಳಿದರೆ ಹೇಳುತ್ತಾರೆ. ರಾತ್ರಿ ಹತ್ತಕ್ಕೆ ಮತ್ತೊಮ್ಮೆ ಹೋಗಿ. ರಸ್ತೆ ಸದ್ದು ರಾತ್ರಿ ಸರಾಸರಿ 45 ಡೆಸಿಬೆಲ್ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ 2018ರಲ್ಲಿ ಮಾಡಿದ ಶಿಫಾರಸು. ಫೋನಿನ ಸದ್ದು ಅಳೆಯುವ ಆಪ್ ಕರಾರುವಾಕ್ಕಾಗಿ ಹೇಳದು, ಆದರೆ ಒಂದೇ ಫೋನಿನಲ್ಲಿ ಎರಡು ಮನೆಯನ್ನು ಹೋಲಿಸಲು ಸಾಕು. ಮಲಗುವ ಕೋಣೆಯ ಕಿಟಕಿ ತೆರೆದು ಹತ್ತು ನಿಮಿಷ ಅಳೆಯಿರಿ.

ರಸ್ತೆ ದಾಟುವ ಸಿಗ್ನಲ್ಲನ್ನು ಗಡಿಯಾರ ಹಿಡಿದು ನೋಡಿ. ಹಲವೆಡೆ ಪಾದಚಾರಿ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ ಎಂದು ಲೆಕ್ಕ ಹಾಕಿ ಸಮಯ ಇಟ್ಟಿರುತ್ತಾರೆ. 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡು. ಅದರ ಅರ್ಧ ವೇಗದ ಮಗುವಿಗೆ 20 ಬೇಕು. ಮನೆಗೂ ಉದ್ಯಾನಕ್ಕೂ ನಡುವೆ ಇಂಥ ರಸ್ತೆ ಇದ್ದರೆ ಆ ಉದ್ಯಾನ ನಿಮ್ಮದಲ್ಲ ಎಂದುಕೊಳ್ಳಿ. ಕೈಯಲ್ಲಿ ಟೇಪು ಇರಲಿ. ಸಾಮಾನ್ಯ ಸ್ಟ್ರಾಲರ್ ಅಗಲ 60 ಸೆಂಟಿಮೀಟರ್ ಆಸುಪಾಸು, ಲಿಫ್ಟ್ ಬಾಗಿಲು 80 ಇದ್ದರೆ ಆರಾಮ. ಲಿಫ್ಟಿನ ಒಳ ಉದ್ದ ಒಂದು ಮೀಟರಿಗಿಂತ ಕಡಿಮೆ ಇದ್ದರೆ ಪ್ರತಿಸಲ ಮಡಿಸಬೇಕಾಗುತ್ತದೆ. ಬಾಲ್ಕನಿ ಸರಳುಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಅಂಬೆಗಾಲಿಡುವ ಮಗು ತೂರಿಹೋಗಬಹುದು, ಅಡ್ಡ ಸರಳಾದರೆ ಏಣಿ ಮಾಡಿಕೊಂಡು ಹತ್ತುತ್ತದೆ. ಹಳೆಯ ಮನೆಯಲ್ಲಿ ಬಣ್ಣದ ಪದರ ಎದ್ದು ಬರುತ್ತಿದ್ದರೆ ಸೀಸವಿದೆಯೇ ಪರೀಕ್ಷೆ ಮಾಡಿಸಿ. ಬಸುರಿ ಇರುವಾಗ ಅದನ್ನು ಕೆರೆಯುವ ಕೆಲಸ ಮನೆಯೊಳಗೆ ನಡೆಯಲೇಬಾರದು.

ಶಾಲೆ ಬೇಡ ಎಂದ ಮಾತು ಶಿಶುವಿಹಾರಕ್ಕೆ (ಡೇಕೇರ್) ಅನ್ವಯಿಸುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮನೆ ನೋಡುವ ವಾರದಲ್ಲೇ ಹತ್ತಿರದ ಮೂರು ಶಿಶುವಿಹಾರಕ್ಕೆ ಫೋನ್ ಮಾಡಿ. ಒಂದು ವರ್ಷದೊಳಗಿನ ಮಗುವನ್ನು ತೆಗೆದುಕೊಳ್ಳುತ್ತೀರಾ, ಸರತಿ ಎಷ್ಟು ತಿಂಗಳು, ಹುಟ್ಟುವ ಮುಂಚೆ ಹೆಸರು ಬರೆಸಬಹುದೇ, ಸಂಜೆ ತಡವಾದರೆ ಏನು ಮಾಡುತ್ತೀರಿ ಎಂದು ಕೇಳಿ. ಎಷ್ಟು ಮಕ್ಕಳಿಗೆ ಒಬ್ಬರು ಎಂಬ ಪ್ರಶ್ನೆಯನ್ನು ಬಿಡಲೇಬೇಡಿ. ಎರಡು ವರ್ಷದೊಳಗಿನವರಿಗೆ ಇಂಗ್ಲೆಂಡಿನ ನಿಯಮದಲ್ಲಿ ಮೂವರಿಗೆ ಒಬ್ಬರು, ಆಸ್ಟ್ರೇಲಿಯಾದಲ್ಲಿ ನಾಲ್ವರಿಗೆ ಒಬ್ಬರು. ಎಂಟು ಕೂಸುಗಳಿಗೆ ಒಬ್ಬರೇ ಎಂದರೆ ಆ ಹೆಸರು ಪಟ್ಟಿಯಿಂದ ತೆಗೆಯಿರಿ. ನಕ್ಷೆಯಲ್ಲಿ ಇಂಥ ಜಾಗ ಹತ್ತು ಕಂಡರೂ ಕೂಸುಗಳನ್ನು ತೆಗೆದುಕೊಳ್ಳುವುದು ಎರಡೇ ಇರಬಹುದು.

ಕರಾರಿಗೆ ಸಹಿ ಹಾಕುವ ಮುಂಚೆ ನಾಲ್ಕು ಸಾಲು ಓದಿ. ವಾಸಿಸುವವರು ಇಬ್ಬರೇ ಎಂದು ಬರೆದಿದ್ದರೆ ಮಗು ಹುಟ್ಟಿದಾಗ ತಕರಾರು ಬರದಂತೆ ಈಗಲೇ ಸರಿಪಡಿಸಿಕೊಳ್ಳಿ. ನವೀಕರಣದ ವೇಳೆ ಬಾಡಿಗೆ ಎಷ್ಟು ಏರುತ್ತದೆ ಎಂಬುದು ಶೇಕಡಾವಾರಿನಲ್ಲಿ ಬರೆದಿರಲಿ, ಬಾಯಿಮಾತು ಸಾಲದು. ಗೋಡೆಗೆ ತೂತು ಕೊರೆದು ಮೆಟ್ಟಿಲ ಗೇಟು, ಕಿಟಕಿ ತಡೆ, ಕಪಾಟು ಬೀಳದಂತೆ ಹಿಡಿಯುವ ಪಟ್ಟಿ ಹಾಕಲು ಲಿಖಿತ ಅನುಮತಿ ಪಡೆಯಿರಿ, ಇಲ್ಲವಾದರೆ ಮನೆ ಬಿಡುವಾಗ ಠೇವಣಿಯಲ್ಲಿ ಅದನ್ನೇ ಹಿಡಿದುಕೊಳ್ಳುತ್ತಾರೆ. ಕೊನೆಯದು, ಮಾಲೀಕರು ನೋಟಿಸು ಕೊಟ್ಟರೆ ಖಾಲಿ ಮಾಡಲು ಎಷ್ಟು ಸಮಯ ಎಂಬುದು. ಒಂದೇ ತಿಂಗಳು ಎಂದಿದ್ದರೆ ಮೂರಕ್ಕೆ ಏರಿಸಲು ಕೇಳಿ. ಎಂಟನೇ ತಿಂಗಳ ಬಸುರಿಯಲ್ಲಿ ಮೂವತ್ತು ದಿನದೊಳಗೆ ಮನೆ ಹುಡುಕುವ ಪರಿಸ್ಥಿತಿ ಬರಬಾರದು. ಇದೊಂದಕ್ಕಾಗಿ ಬಾಡಿಗೆ ತುಸು ಹೆಚ್ಚು ಕೊಡಬೇಕಾಗಿ ಬಂದರೂ ಕೊಡಬಹುದು.